ಆಂಟಿಬಯೋಟಿಕ್ ಡಿಸ್ಕ್ ಟೆಸ್ಟ್ ಎರಡು ಸಲ ಮಾಡಿದರೂ ಒಂದೇ ಉತ್ತರ ಬರಬೇಕಾದರೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಜೂನ್ ಕೊನೆಗೆ ಮಳೆ ಹಿಡಿಯಿತು ಅಂದರೆ ನನ್ನ ಮೊಬೈಲ್‌ಗೆ ಪೆಟ್ರಿ ಪ್ಲೇಟ್‌ಗಳ ಫೋಟೋ ಬರಲು ಶುರುವಾಗುತ್ತವೆ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಎಂ.ಎಸ್ಸಿ. ಪ್ರಾಜೆಕ್ಟ್ ಮಕ್ಕಳು, ಆಗಷ್ಟೇ ಲ್ಯಾಬ್ ಸೇರಿದ ಟೆಕ್ನೀಷಿಯನ್‌ಗಳು. ಪ್ರಶ್ನೆ ಹೆಚ್ಚು ಕಡಿಮೆ ಒಂದೇ. "ಮೇಡಂ, ಮೊನ್ನೆ 24 ಬಂದಿತ್ತು, ಇವತ್ತು ಅದೇ ಬ್ಯಾಕ್ಟೀರಿಯಾಗೆ 17 ಬಂದಿದೆ. ಯಾವುದನ್ನು ಬರೆಯಲಿ?"

ಎರಡನ್ನೂ ಬರೆಯಬೇಡಿ. ಎರಡರ ಸರಾಸರಿಯನ್ನಂತೂ ಬರೆಯಲೇಬೇಡಿ. ಆ ಸಂಖ್ಯೆ, ಅಂದರೆ ಡಿಸ್ಕ್ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಖಾಲಿ ವೃತ್ತದ (ಝೋನ್) ಅಗಲ ನೋಡಿ ಯಾವ ಔಷಧಿ ಕೆಲಸ ಮಾಡುತ್ತದೆ ಅಂತ ಡಾಕ್ಟರ್ ತೀರ್ಮಾನ ಮಾಡುತ್ತಾರೆ. ಅಲ್ಲಿ 7 ಮಿ.ಮೀ. ವ್ಯತ್ಯಾಸ ಸಣ್ಣದಲ್ಲ.

ಒಬ್ಬೊಬ್ಬರಿಗೆ ಬೇರೆ ಬೇರೆ ಉತ್ತರಿಸುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಇದು ಕರ್ಬಿ-ಬಾವರ್ ಡಿಸ್ಕ್ ವಿಧಾನದ ಬಗ್ಗೆ, ಅಂದರೆ ಬ್ಯಾಕ್ಟೀರಿಯಾ ಹಚ್ಚಿದ ಅಗಾರ್ ಮೇಲೆ ಔಷಧಿ ಹೀರಿಸಿದ ಕಾಗದದ ಡಿಸ್ಕ್ ಇಟ್ಟು ನೋಡುವ ವಿಧಾನ. ಇ. ಕೋಲಿ, ಕ್ಲೆಬ್ಸಿಯೆಲ್ಲಾ, ಸ್ಟ್ಯಾಫಿಲೋಕಾಕಸ್ ಆರಿಯಸ್, ಸ್ಯುಡೋಮೋನಾಸ್, ಹೀಗೆ ರಾತ್ರಿ ಕಳೆಯುವುದರಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳಿಗೆ ಮಾತ್ರ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇವು ರೋಗ ತರುವ ಜೀವಂತ ಬ್ಯಾಕ್ಟೀರಿಯಾ. ಸುರಕ್ಷತಾ ವ್ಯವಸ್ಥೆ ಇರುವ ಲ್ಯಾಬ್‌ನಲ್ಲಿ, ಗ್ಲೌಸ್ ಮತ್ತು ಕೋಟ್ ಹಾಕಿಕೊಂಡು, ಅನುಭವಸ್ಥರು ಪಕ್ಕದಲ್ಲಿದ್ದಾಗ ಮಾತ್ರ ಮಾಡಿ. ಪ್ಲೇಟ್ ಮೂಸಿ ನೋಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ತಪ್ಪು ಎಲ್ಲಿ ಆಗುತ್ತದೆ

ತಪ್ಪು ಕೈಚಳಕದಲ್ಲಿ ಆಗುವುದು ಕಡಿಮೆ, ಕೆಲಸದ ಕ್ರಮದಲ್ಲಿ ಆಗುವುದೇ ಜಾಸ್ತಿ. ಬೆಳಿಗ್ಗೆ ಬಂದವರು ಮೊದಲು ಕಲ್ಚರ್ ಕೈಗೆತ್ತಿಕೊಳ್ಳುತ್ತಾರೆ, ಸಲೈನ್‌ಗೆ ಕಲಸುತ್ತಾರೆ, ಆಮೇಲೆ ಪ್ಲೇಟ್ ಹುಡುಕುತ್ತಾರೆ, ಪ್ಲೇಟ್ ಒದ್ದೆಯಾಗಿದೆ ಅಂತ ಒಣಗಲು ಇಡುತ್ತಾರೆ, ಕೊನೆಗೆ ಫ್ರಿಜ್‌ನಿಂದ ಡಿಸ್ಕ್ ತೆಗೆದು ತಣ್ಣಗಿರುವಾಗಲೇ ಮುಚ್ಚಳ ಬಿಚ್ಚುತ್ತಾರೆ. ಅಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿರುತ್ತದೆ. ಟ್ಯೂಬ್‌ನಲ್ಲಿರುವ ಬ್ಯಾಕ್ಟೀರಿಯಾ ನಿಮಗೋಸ್ಕರ ಸುಮ್ನೆ ಕಾಯುತ್ತಾ ಕೂರುವುದಿಲ್ಲ.

ಆದ್ದರಿಂದ ಕ್ರಮವನ್ನು ತಿರುಗಿಸಿ. ನಿಧಾನವಾಗಿ ಹದಕ್ಕೆ ಬರುವ ವಸ್ತು ಮೊದಲು, ಬ್ಯಾಕ್ಟೀರಿಯಾ ಕೊನೆಗೆ. ಡಿಸ್ಕ್ ಮೊದಲು ಹೊರಗೆ ಬರಬೇಕು, ಆಮೇಲೆ ಪ್ಲೇಟ್ ಒಣಗಬೇಕು, ಅದಾದ ಮೇಲೆ ಕಲ್ಚರ್.

ಮೇಜಿನ ಮೇಲೆ ಏನೇನು ಇರಬೇಕು

ಮುಲ್ಲರ್ ಹಿಂಟನ್ ಅಗಾರ್, ಡಿಸ್ಟಿಲ್ಡ್ ವಾಟರ್, 90 ಮಿ.ಮೀ. ಪ್ಲೇಟ್‌ಗಳು, ಶೇಕಡಾ 0.85ರ ಸ್ಟೆರೈಲ್ ಸಲೈನ್, ಕಾಟನ್ ಸ್ವಾಬ್, ಲೂಪ್, ಚೂಪು ತುದಿಯ ಚಿಮಟ, ಸ್ಪಿರಿಟ್ ಲ್ಯಾಂಪ್, 0.5 ಮ್ಯಾಕ್‌ಫರ್ಲ್ಯಾಂಡ್ ಟ್ಯೂಬ್ (ಮಬ್ಬು ಎಷ್ಟಿರಬೇಕು ಅಂತ ಹೋಲಿಸಿ ನೋಡುವ ಟ್ಯೂಬ್), ಡಿಸ್ಕ್‌ಗಳು, ಮಿ.ಮೀ. ಗೆರೆ ಚೆನ್ನಾಗಿ ಕಾಣುವ ಸ್ಕೇಲ್ ಅಥವಾ ವರ್ನಿಯರ್ ಕ್ಯಾಲಿಪರ್, ಟೈಮರ್. ನ್ಯೂಟ್ರಿಯೆಂಟ್ ಅಗಾರ್ ಇದೆ, ಅದರಲ್ಲೇ ಮಾಡಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಆಗುವುದಿಲ್ಲ. ಝೋನ್ ಬರುತ್ತದೆ, ಆದರೆ ಆ ಅಳತೆಯನ್ನು ಹೋಲಿಸಲು ಚಾರ್ಟ್ ಇಲ್ಲ.

ಎಲ್ಲರೂ ಮರೆಯುವ ವಸ್ತು ಎರಡು. ಒಂದು ಕಂಟ್ರೋಲ್ ಸ್ಟ್ರೈನ್, ಅಂದರೆ ಝೋನ್ ಎಷ್ಟು ಬರಬೇಕು ಅಂತ ಮೊದಲೇ ಗೊತ್ತಿರುವ ಬ್ಯಾಕ್ಟೀರಿಯಾ. ಇನ್ನೊಂದು ಗಾರೆ ಕೆಲಸದವರು ಬಳಸುವ ರಸಮಟ್ಟ. ಎರಡನೆಯದು ಯಾಕೆ ಅಂತ ಮುಂದೆ ಹೇಳುತ್ತೇನೆ.

ಹಂತ 1: ಹಿಂದಿನ ದಿನ, ಶುದ್ಧ ಕಲ್ಚರ್

ಒಂದೇ ಕಾಲೊನಿ ಎತ್ತಿ, ನ್ಯೂಟ್ರಿಯೆಂಟ್ ಅಗಾರ್ ಅಥವಾ ಬ್ಲಡ್ ಅಗಾರ್ ಮೇಲೆ ಸ್ಟ್ರೀಕ್ ಮಾಡಿ ರಾತ್ರಿಯಿಡೀ ಬೆಳೆಸಿ. ಟೆಸ್ಟ್‌ಗೆ 18ರಿಂದ 24 ಗಂಟೆಯ ಕಲ್ಚರ್ ಬೇಕು. ಫ್ರಿಜ್‌ನಲ್ಲಿ ವಾರದಿಂದ ಇರುವ ಪ್ಲೇಟ್‌ನಿಂದ ನೇರವಾಗಿ ತೆಗೆಯಬೇಡಿ, ಅದರಲ್ಲಿ ಅರ್ಧಕ್ಕರ್ಧ ಸತ್ತಿರುತ್ತವೆ. ಟ್ಯೂಬ್‌ನಲ್ಲಿ ಮಬ್ಬು ಸರಿಯಾಗಿ ಕಂಡರೂ ಜೀವ ಇರುವವು ಕಡಿಮೆ.

ಗ್ರಾಂ ಸ್ಟೇನ್ ಮಾಡಿ, ಬ್ಯಾಕ್ಟೀರಿಯಾ ಯಾವುದು ಅಂತ ಗುರುತಿಸಿಕೊಳ್ಳಿ. ಹೆಸರು ಗೊತ್ತಿಲ್ಲದೆ ಡಿಸ್ಕ್ ಆರಿಸಲೂ ಆಗುವುದಿಲ್ಲ, ಚಾರ್ಟ್ ನೋಡಲೂ ಆಗುವುದಿಲ್ಲ. ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆಗೆ ಆಂಪಿಸಿಲಿನ್ ಹುಟ್ಟಿನಿಂದಲೇ ನಾಟುವುದಿಲ್ಲ. ಪ್ರೋಟಿಯಸ್‌ಗೆ ನೈಟ್ರೋಫ್ಯುರಾಂಟೋಯಿನ್, ಎಂಟೆರೋಕಾಕಸ್‌ಗೆ ಸೆಫಲೋಸ್ಪೋರಿನ್‌ಗಳು ಹಾಗೇ. ಇದನ್ನು ಹೊಸ ರೆಸಿಸ್ಟೆನ್ಸ್ ಕಂಡುಹಿಡಿದೆವು ಅಂತ ರಿಪೋರ್ಟ್‌ನಲ್ಲಿ ಬರೆದವರಿದ್ದಾರೆ.

ಎಚ್ಚರಿಕೆಯ ಗುರುತು: ಪ್ಲೇಟ್ ಮೇಲೆ ಎರಡು ಗಾತ್ರದ ಅಥವಾ ಎರಡು ಬಣ್ಣದ ಕಾಲೊನಿ ಇದ್ದರೆ ಅಲ್ಲೇ ನಿಲ್ಲಿಸಿ. ಮತ್ತೆ ಸ್ಟ್ರೀಕ್ ಮಾಡಿ. ಒಂದು ದಿನ ಹೋದರೆ ಹೋಗಲಿ.

ಹಂತ 2: ಅಗಾರ್ ಸುರಿಯುವುದು

ಸಾಮಾನ್ಯವಾಗಿ ಸಿಗುವ ಪುಡಿ ಲೀಟರ್‌ಗೆ 38 ಗ್ರಾಂ. ಆದರೂ ಡಬ್ಬಿ ಮೇಲೆ ಬರೆದದ್ದನ್ನೇ ಅನುಸರಿಸಿ. ಡಿಸ್ಟಿಲ್ಡ್ ವಾಟರ್ ಮಾತ್ರ. ಬಾವಿ ನೀರು, ನಲ್ಲಿ ನೀರು ಬೇಡ. ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿಯಾದರೆ ಸ್ಯುಡೋಮೋನಾಸ್ ಮೇಲೆ ಜೆಂಟಾಮೈಸಿನ್‌ನಂಥ ಔಷಧಿಗಳ ಝೋನ್ ಕುಗ್ಗುತ್ತದೆ. ಕುದಿಸಿ ಪೂರ್ತಿ ಕರಗಿಸಿ, 121 ಡಿಗ್ರಿಯಲ್ಲಿ 15 ನಿಮಿಷ ಆಟೋಕ್ಲೇವ್ ಮಾಡಿ, 45ರಿಂದ 50 ಡಿಗ್ರಿಗೆ ಆರಲು ಬಿಡಿ. ಅದಕ್ಕಿಂತ ಬಿಸಿ ಇರುವಾಗ ಸುರಿದರೆ ಮುಚ್ಚಳದ ತುಂಬ ನೀರು ಕೂರುತ್ತದೆ.

ಅಗಾರ್‌ನ ದಪ್ಪ 4 ಮಿ.ಮೀ. ಇರಬೇಕು. 90 ಮಿ.ಮೀ. ಪ್ಲೇಟ್‌ಗೆ ಸುಮಾರು 25 ಮಿ.ಲೀ. ಹಿಡಿಯುತ್ತದೆ. ಕಣ್ಣಂದಾಜಿನಲ್ಲಿ ಸುರಿಯಬೇಡಿ, ಸ್ಟೆರೈಲ್ ಅಳತೆ ಸಿಲಿಂಡರ್ ಬಳಸಿ. ತೆಳುವಾದರೆ ಝೋನ್ ದೊಡ್ಡದಾಗಿ ರೆಸಿಸ್ಟೆಂಟ್ (ಔಷಧಿಗೆ ಬಗ್ಗದ) ಬ್ಯಾಕ್ಟೀರಿಯಾ ಸೆನ್ಸಿಟಿವ್ (ಬಗ್ಗುವ) ಥರ ಕಾಣುತ್ತದೆ. ದಪ್ಪವಾದರೆ ಅದರ ಉಲ್ಟಾ.

ಈಗ ರಸಮಟ್ಟದ ವಿಷಯ. ಹಳೆಯ ಕಟ್ಟಡ, ಕಲ್ಲು ಹಾಸಿನ ಮೇಜು ಅಥವಾ ಒಂದು ಕಾಲು ಕುಂಟುವ ಮರದ ಮೇಜು ನಮ್ಮ ಕಡೆ ಸಾಮಾನ್ಯ ಅಲ್ವಾ? ಅದರ ಮೇಲೆ ಸುರಿದ ಅಗಾರ್ ಒಂದು ಬದಿಗೆ 3, ಇನ್ನೊಂದು ಬದಿಗೆ 5 ಮಿ.ಮೀ. ಆಗಿ ಹೆಪ್ಪುಗಟ್ಟುತ್ತದೆ. ಝೋನ್ ದುಂಡಗೆ ಬರುವ ಬದಲು ಮೊಟ್ಟೆ ಆಕಾರಕ್ಕೆ ಬಂದರೆ ಮೊದಲು ಅನುಮಾನ ಪಡಬೇಕಾದ್ದು ಮೇಜನ್ನು. ಸುರಿಯುವ ಮುಂಚೆ ರಸಮಟ್ಟ ಎರಡು ದಿಕ್ಕಿಗೂ ಇಟ್ಟು ನೋಡಿ, ಗುಳ್ಳೆ ನಡುವೆ ನಿಲ್ಲುವವರೆಗೆ ಕಾಲಿನ ಕೆಳಗೆ ರಟ್ಟು ಕೊಡಿ.

ಹೆಪ್ಪುಗಟ್ಟಿದ ಮೇಲೆ ಪಿ.ಎಚ್. 7.2ರಿಂದ 7.4ರ ನಡುವೆ ಇರಬೇಕು. ಪ್ರತಿ ಬ್ಯಾಚ್‌ನಿಂದ ಒಂದೆರಡು ಖಾಲಿ ಪ್ಲೇಟ್‌ಗಳನ್ನು ರಾತ್ರಿ ಇನ್‌ಕ್ಯುಬೇಟರ್‌ನಲ್ಲಿಟ್ಟು ಏನೂ ಬೆಳೆಯಲಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಪರೀಕ್ಷೆಗಿಟ್ಟ ಆ ಪ್ಲೇಟ್‌ಗಳನ್ನು ಆಮೇಲೆ ಬಿಸಾಡಿ. ಉಳಿದವು ಪ್ಲಾಸ್ಟಿಕ್ ಕವರ್‌ನಲ್ಲಿ, ಫ್ರಿಜ್‌ನಲ್ಲಿ, ಒಂದು ವಾರದೊಳಗೆ ಮುಗಿಯಬೇಕು. ಆಗಸ್ಟ್‌ನಲ್ಲಿ ಇಲ್ಲಿ ಗೋಡೆಗೇ ಬೂಷ್ಟು ಹಿಡಿಯುತ್ತದೆ, ತೆರೆದಿಟ್ಟ ಪ್ಲೇಟ್‌ಗೆ ಕೇಳಬೇಕೆ?

ಹಂತ 3: ಡಿಸ್ಕ್ ಹೊರಗೆ ತೆಗೆಯುವುದು (ಟೆಸ್ಟ್ ದಿನದ ಮೊದಲ ಕೆಲಸ)

ಲ್ಯಾಬ್‌ಗೆ ಬಂದ ತಕ್ಷಣ ಡಿಸ್ಕ್ ಡಬ್ಬಿಯನ್ನು ಫ್ರಿಜ್‌ನಿಂದ ತೆಗೆದು ಮೇಜಿನ ಮೇಲಿಡಿ. ಮುಚ್ಚಳ ಬಿಚ್ಚಬೇಡಿ. ಒಂದರಿಂದ ಎರಡು ಗಂಟೆ ಹಾಗೇ ಇರಲಿ, ಕೋಣೆಯ ಬಿಸಿಗೆ ಬರಲಿ.

ತಣ್ಣನೆ ಡಬ್ಬಿಯನ್ನು ಮಳೆಗಾಲದ ಗಾಳಿಯಲ್ಲಿ ಬಿಚ್ಚಿದರೆ ಡಿಸ್ಕ್ ಮೇಲೆ ಕಣ್ಣಿಗೆ ಕಾಣದಷ್ಟು ತೇವ ಕೂರುತ್ತದೆ. ಹಲಸಿನ ಹಪ್ಪಳದ ಡಬ್ಬಿ ತೆರೆದಿಟ್ಟರೆ ಏನಾಗುತ್ತದೆ ಅಂತ ನಿಮಗೆ ಗೊತ್ತು. ಹಪ್ಪಳ ಮೆತ್ತಗಾದದ್ದು ಕೈಗೆ ತಿಳಿಯುತ್ತದೆ, ಡಿಸ್ಕ್ ಹಾಳಾದದ್ದು ತಿಳಿಯುವುದಿಲ್ಲ. ಪೆನ್ಸಿಲಿನ್, ಸೆಫಲೋಸ್ಪೋರಿನ್, ಇಮಿಪೆನೆಮ್ ಇರುವ ಬೀಟಾ-ಲ್ಯಾಕ್ಟಮ್ ಗುಂಪಿಗೆ ತೇವ ಆಗಿಬರುವುದಿಲ್ಲ. ಅದರಲ್ಲೂ ಕ್ಲಾವುಲನೇಟ್ ಬಹಳ ನಾಜೂಕು.

ಒಂದು ಜುಲೈನಲ್ಲಿ ನಾನಾಗ ಕೆಲಸ ಮಾಡುತ್ತಿದ್ದ ಲ್ಯಾಬ್‌ನಲ್ಲಿ ಹತ್ತು ಹನ್ನೆರಡು ದಿನ ಬಂದ ಇ. ಕೋಲಿ ಬಹುತೇಕ ಎಲ್ಲವೂ ಅಮೋಕ್ಸಿಸಿಲಿನ್-ಕ್ಲಾವುಲನೇಟ್‌ಗೆ ರೆಸಿಸ್ಟೆಂಟ್ ಅಂತ ಹೋದವು. ಊರಲ್ಲಿ ರೆಸಿಸ್ಟೆನ್ಸ್ ಹೆಚ್ಚಾಗಿದೆ ಅಂತಲೇ ಮಾತಾಡಿಕೊಂಡೆವು. ಕಂಟ್ರೋಲ್ ಸ್ಟ್ರೈನ್ ಹಾಕಿ ನೋಡಿದರೆ 18ರಿಂದ 24 ಮಿ.ಮೀ. ಬರಬೇಕಾದ ಕಡೆ 15 ಬಂತು. ಕಾರಣ, ಡಿಸ್ಕ್ ಡಬ್ಬಿ ದಿನವಿಡೀ ಕಿಟಕಿ ಪಕ್ಕ ಮುಚ್ಚಳವಿಲ್ಲದೆ ಕೂತಿರುತ್ತಿತ್ತು. ಆ ಹತ್ತು ಹನ್ನೆರಡು ದಿನದಲ್ಲಿ ಎಷ್ಟು ಜನಕ್ಕೆ ಸುಮ್ನೆ ದೊಡ್ಡ ಔಷಧಿ ಬರೆದಿರಬಹುದು ಅಂತ ನೆನೆದರೆ ಈಗಲೂ ಸಂಕಟವಾಗುತ್ತದೆ. ವಾರಕ್ಕೊಮ್ಮೆಯಾದರೂ ಕಂಟ್ರೋಲ್ ಹಾಕಿದ್ದರೆ ಅಷ್ಟು ದಿನ ಹೋಗುತ್ತಿರಲಿಲ್ಲ.

ಡಿಸ್ಕ್ ದಾಸ್ತಾನು ಮೈನಸ್ 20 ಡಿಗ್ರಿ ಫ್ರೀಜರ್‌ನಲ್ಲಿರಲಿ. ಒಂದು ವಾರಕ್ಕೆ ಬೇಕಾದಷ್ಟು ಮಾತ್ರ ಫ್ರಿಜ್‌ಗೆ ತನ್ನಿ. ತಾನೇ ಮಂಜು ಕರಗಿಸುವ ಮನೆ ಫ್ರಿಜ್‌ನ ಫ್ರೀಜರ್ ಇದಕ್ಕೆ ಆಗದು, ಅದರ ತಂಪು ಏರಿಳಿಯುತ್ತಿರುತ್ತದೆ. ಡಬ್ಬಿಯೊಳಗೆ ಬಣ್ಣ ಬದಲಿಸುವ ಸಿಲಿಕಾ ಜೆಲ್ ಇಡಿ. ನೀಲಿ ಹೋಗಿ ಗುಲಾಬಿ ಆಯಿತು ಅಂದರೆ ಅದು ತೇವ ಕುಡಿದು ತುಂಬಿದೆ ಅಂತ. ಕರೆಂಟ್ ಹೋಗಿ ಇಡೀ ರಾತ್ರಿ ಬರಲಿಲ್ಲವಾದರೆ ಮರುದಿನ ಮೊದಲು ಕಂಟ್ರೋಲ್ ಸ್ಟ್ರೈನ್ ಹಾಕಿ, ಆಮೇಲೆ ರೋಗಿಗಳ ಸ್ಯಾಂಪಲ್.

ಹಂತ 4: ಪ್ಲೇಟ್ ಒಣಗಿಸುವುದು

ಡಿಸ್ಕ್ ಬಿಸಿಯಾಗುತ್ತಿರುವಾಗ ಪ್ಲೇಟ್‌ಗಳನ್ನು ಹೊರತೆಗೆಯಿರಿ. ಮುಚ್ಚಳ ಸ್ವಲ್ಪ ಓರೆ ಮಾಡಿ, 35 ಡಿಗ್ರಿ ಇನ್‌ಕ್ಯುಬೇಟರ್‌ನಲ್ಲಿ ಅಥವಾ ಲ್ಯಾಮಿನಾರ್‌ (ಶುದ್ಧ ಗಾಳಿ ಹರಿಯುವ ಪೆಟ್ಟಿಗೆ) ಒಳಗೆ 10ರಿಂದ 30 ನಿಮಿಷ ಇಡಿ. ಮೇಲ್ಮೈ ಹಸಿಯಾಗಿರಬೇಕು, ಆದರೆ ಹನಿ ಇರಬಾರದು, ಮುಚ್ಚಳದಲ್ಲೂ ಇರಬಾರದು.

ಆ ಒಂದು ಹನಿಯನ್ನು ಹಗುರವಾಗಿ ತಗೊಳ್ಳಬೇಡಿ. ಲಾನ್ (ಪ್ಲೇಟ್ ತುಂಬ ಹಚ್ಚುವ ಬ್ಯಾಕ್ಟೀರಿಯಾ ಪದರ) ಹಾಕಿದ ಮೇಲೆ ಮುಚ್ಚಳದಿಂದ ಹನಿ ಬಿದ್ದರೆ ಬ್ಯಾಕ್ಟೀರಿಯಾ ಅಲ್ಲಿಂದ ತೊಳೆದು ಹೋಗುತ್ತದೆ. ಮರುದಿನ ಡಿಸ್ಕ್‌ನ ಪಕ್ಕಕ್ಕೆ ಹಾವು ಹರಿದ ಹಾಗೆ ಒಂದು ಖಾಲಿ ಗೆರೆ. ನೋಡಿದವರು ಝೋನ್ ದೊಡ್ಡದಿದೆ ಅಂದುಕೊಂಡು ಅದನ್ನೂ ಸೇರಿಸಿ ಅಳೆಯುತ್ತಾರೆ.

ಹಂತ 5: ಮಬ್ಬು ಹದಕ್ಕೆ ತರುವುದು

ಈಗ ಕಲ್ಚರ್ ಮುಟ್ಟಬಹುದು. ಒಂದೇ ಥರ ಕಾಣುವ ನಾಲ್ಕೈದು ಕಾಲೊನಿಗಳ ತಲೆ ಮುಟ್ಟಿ, 4ರಿಂದ 5 ಮಿ.ಲೀ. ಸಲೈನ್‌ನಲ್ಲಿ ಗಂಟಿಲ್ಲದಂತೆ ಕಲಸಿ. ಮಬ್ಬು 0.5 ಮ್ಯಾಕ್‌ಫರ್ಲ್ಯಾಂಡ್‌ಗೆ ಸಮ ಇರಬೇಕು. ಇ. ಕೋಲಿ ಆದರೆ ಪ್ರತಿ ಮಿ.ಲೀ.ಗೆ ಸುಮಾರು 10ರಿಂದ 20 ಕೋಟಿ ಬ್ಯಾಕ್ಟೀರಿಯಾ ಎಂದು ಲೆಕ್ಕ.

ಕೇಳಿದರೆ ದೊಡ್ಡ ಸಂಖ್ಯೆ, ಕಣ್ಣಿಗೆ ಕಾಣುವುದು ಮಾತ್ರ ಬಹಳ ತೆಳು ಮಬ್ಬು. ಅಕ್ಕಚ್ಚಿನಷ್ಟು ಬೆಳ್ಳಗಾಯಿತು ಅಂದರೆ ಜಾಸ್ತಿಯಾಯಿತು. ಎರಡು ಟ್ಯೂಬ್ ಒಟ್ಟಿಗೆ ಹಿಡಿದು, ಹಿಂದೆ ಕಪ್ಪು ಗೆರೆ ಎಳೆದ ಬಿಳಿ ಕಾರ್ಡ್ ಇಟ್ಟು ಬೆಳಕಿನಲ್ಲಿ ನೋಡಿ. ಎರಡರಲ್ಲೂ ಗೆರೆ ಒಂದೇ ಸಮ ಮಸುಕಾಗಿ ಕಾಣಬೇಕು. ಟ್ಯೂಬ್‌ಗಳು ಒಂದೇ ಅಗಲದವಾಗಿರಲಿ. ಮೋಡ ಮುಚ್ಚಿದ ದಿನ ಕಿಟಕಿ ಬೆಳಕನ್ನು ನಂಬಬೇಡಿ, ಯಾವಾಗಲೂ ಒಂದೇ ಟ್ಯೂಬ್‌ಲೈಟ್ ಕೆಳಗೆ ನೋಡಿ. ಜಾಸ್ತಿಯಾದರೆ ಸಲೈನ್ ಸೇರಿಸಿ, ಕಡಿಮೆಯಾದರೆ ಇನ್ನೊಂದು ಕಾಲೊನಿ.

ಮ್ಯಾಕ್‌ಫರ್ಲ್ಯಾಂಡ್ ಟ್ಯೂಬ್ ಲ್ಯಾಬ್‌ನಲ್ಲೇ ಮಾಡುವುದಾದರೆ, ಶೇಕಡಾ 1.175ರ ಬೇರಿಯಂ ಕ್ಲೋರೈಡ್ ಡೈಹೈಡ್ರೇಟ್ ದ್ರಾವಣ 0.5 ಮಿ.ಲೀ. ತೆಗೆದು, ಶೇಕಡಾ 1ರ ಸಲ್ಫ್ಯೂರಿಕ್ ಆಸಿಡ್ 99.5 ಮಿ.ಲೀ.ಗೆ ಕಲಕುತ್ತಾ ಸೇರಿಸಿ. ಆಸಿಡ್ ತೆಳು ಮಾಡುವಾಗ ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರು ಹಾಕಬಾರದು. ಕನ್ನಡಕ ಹಾಕಿಕೊಳ್ಳಿ. 625 ನ್ಯಾನೋಮೀಟರ್‌ನಲ್ಲಿ ಅಬ್ಸಾರ್ಬೆನ್ಸ್ 0.08ರಿಂದ 0.13ರ ನಡುವೆ ಬರಬೇಕು. ಬಿಗಿಯಾಗಿ ಮುಚ್ಚಿ ಕತ್ತಲಲ್ಲಿಡಿ, ಪ್ರತಿ ಸಲ ಬಳಸುವ ಮುಂಚೆ ಜೋರಾಗಿ ಅಲುಗಾಡಿಸಿ, ತಿಂಗಳಿಗೊಮ್ಮೆ ಮತ್ತೆ ಅಳೆಯಿರಿ. ಅಲುಗಾಡಿಸಿದ ಮೇಲೂ ತಳದಲ್ಲಿ ಬಿಳಿ ಗಂಟು ಉಳಿದರೆ ಅದನ್ನು ಬದಲಿಸಬೇಕು. ಎರಡು ವರ್ಷ ಹಳೆಯ ಟ್ಯೂಬ್ ಇಟ್ಟುಕೊಂಡು, ಅದನ್ನು ಅಲುಗಾಡಿಸದೆ ಹೋಲಿಸುವವರನ್ನು ನಾನು ನೋಡಿದ್ದೇನೆ.

ಇದೇ ಹೊತ್ತಿಗೆ ಕಂಟ್ರೋಲ್ ಸ್ಟ್ರೈನ್‌ನದೂ ಒಂದು ಟ್ಯೂಬ್ ಮಾಡಿಕೊಳ್ಳಿ. ಗ್ರಾಂ ನೆಗೆಟಿವ್‌ಗೆ ಇ. ಕೋಲಿ ಎಟಿಸಿಸಿ 25922 (ಎಟಿಸಿಸಿ ಅಂದರೆ ಅಮೆರಿಕದ ಕಲ್ಚರ್ ಸಂಗ್ರಹ, ಸಂಖ್ಯೆ ಸ್ಟ್ರೈನ್‌ನ ಗುರುತು), ಸ್ಟ್ಯಾಫಿಲೋಕಾಕಸ್‌ಗೆ ಎಟಿಸಿಸಿ 25923, ಸ್ಯುಡೋಮೋನಾಸ್‌ಗೆ ಎಟಿಸಿಸಿ 27853.

ಟೈಮರ್ ಒತ್ತಿ. ಇಲ್ಲಿಂದ ಮೂರು ಸಲ 15 ನಿಮಿಷ ನೆನಪಿಡಿ. ಟ್ಯೂಬ್ ಹದವಾದ 15 ನಿಮಿಷದೊಳಗೆ ಪ್ಲೇಟ್‌ಗೆ ಹಚ್ಚಬೇಕು, ಹಚ್ಚಿದ 15 ನಿಮಿಷದೊಳಗೆ ಡಿಸ್ಕ್ ಇಡಬೇಕು, ಡಿಸ್ಕ್ ಇಟ್ಟ 15 ನಿಮಿಷದೊಳಗೆ ಇನ್‌ಕ್ಯುಬೇಟರ್ ಸೇರಬೇಕು. ಇಪ್ಪತ್ತು ಸ್ಯಾಂಪಲ್ ಒಟ್ಟಿಗೆ ಕಲಸಿಟ್ಟುಕೊಂಡರೆ ಇದು ಸಾಧ್ಯವೇ ಇಲ್ಲ. ನಾಲ್ಕು ನಾಲ್ಕರಂತೆ ಮಾಡಿ.

ಹಂತ 6: ಲಾನ್ ಹಚ್ಚುವುದು

ಸ್ವಾಬ್ ಅದ್ದಿ, ದ್ರವದ ಮಟ್ಟಕ್ಕಿಂತ ಮೇಲೆ ಟ್ಯೂಬ್ ಗೋಡೆಗೆ ಒತ್ತಿ ತಿರುಗಿಸಿ ಹಿಂಡಿ. ಪ್ಲೇಟ್ ಪೂರ್ತಿ ಹಚ್ಚಿ, 60 ಡಿಗ್ರಿ ತಿರುಗಿಸಿ ಮತ್ತೆ ಹಚ್ಚಿ, ಇನ್ನೊಂದು ಸಲ ತಿರುಗಿಸಿ ಹಚ್ಚಿ. ಕೊನೆಗೆ ಅಂಚಿನ ಸುತ್ತ ಒಂದು ಸುತ್ತು. ಅಂಗಳ ಸಾರಿಸುವಾಗ ಕೈ ಎಲ್ಲೂ ಬಿಡದೆ ಹೋಗುತ್ತದಲ್ಲ, ಅದೇ ರೀತಿ. ಮೂರರಿಂದ ಐದು ನಿಮಿಷ ಮುಚ್ಚಳ ಹಾಕಿ ಬಿಡಿ, ತೇವ ಹೀರಿಕೊಳ್ಳಲಿ.

ಹಂತ 7: ಡಿಸ್ಕ್ ಇಡುವುದು

ಚಿಮಟವನ್ನು ಸ್ಪಿರಿಟ್‌ಗೆ ಅದ್ದಿ, ಬೆಂಕಿ ತಾಗಿಸಿ, ಆರಲು ಬಿಡಿ. ಕಾದ ಚಿಮಟದಲ್ಲಿ ಡಿಸ್ಕ್ ಎತ್ತಬೇಡಿ. ಡಿಸ್ಕ್ ಇಟ್ಟು ಮೆಲ್ಲಗೆ ಒತ್ತಿ, ಇಲ್ಲದಿದ್ದರೆ ಪ್ಲೇಟ್ ತಲೆಕೆಳಗು ಮಾಡಿದಾಗ ಉದುರುತ್ತದೆ. ಡಿಸ್ಕ್‌ನ ನಡುವಿನಿಂದ ಇನ್ನೊಂದರ ನಡುವಿಗೆ ಕನಿಷ್ಠ 24 ಮಿ.ಮೀ. ಅಂತರ ಇರಲಿ. 90 ಮಿ.ಮೀ. ಪ್ಲೇಟ್‌ಗೆ ಐದು ಡಿಸ್ಕ್ ಸಾಕು. ಪ್ಲೇಟ್ ಉಳಿಸಲು ಎಂಟು ತುರುಕಿದರೆ ಝೋನ್‌ಗಳು ಒಂದರೊಳಗೊಂದು ಸೇರಿ ಯಾವುದನ್ನೂ ಅಳೆಯಲಾಗುವುದಿಲ್ಲ.

ತಪ್ಪು ಜಾಗದಲ್ಲಿ ಬಿದ್ದ ಡಿಸ್ಕ್ ಎತ್ತಿ ಬೇರೆ ಕಡೆ ಇಡಬೇಡಿ. ಅಗಾರ್ ಮುಟ್ಟಿದ ಕ್ಷಣದಿಂದಲೇ ಔಷಧಿ ಇಳಿಯಲು ಶುರುವಾಗಿರುತ್ತದೆ. ಅದನ್ನು ಅಲ್ಲೇ ಬಿಟ್ಟು ಹೊಸದು ಇಡಿ.

ಸ್ಟ್ಯಾಫಿಲೋಕಾಕಸ್ ಆದರೆ ಎರಿತ್ರೋಮೈಸಿನ್ 15 ಮೈಕ್ರೋಗ್ರಾಂ ಮತ್ತು ಕ್ಲಿಂಡಾಮೈಸಿನ್ 2 ಮೈಕ್ರೋಗ್ರಾಂ ಡಿಸ್ಕ್‌ಗಳನ್ನು ಅಂಚಿನಿಂದ ಅಂಚಿಗೆ 15ರಿಂದ 26 ಮಿ.ಮೀ. ದೂರದಲ್ಲಿ ಅಕ್ಕಪಕ್ಕ ಇಡಿ. ಕ್ಲಿಂಡಾಮೈಸಿನ್ ಝೋನ್ ಎರಿತ್ರೋಮೈಸಿನ್ ಕಡೆಗೆ ಚಪ್ಪಟೆಯಾಗಿ ಇಂಗ್ಲಿಷ್ ಡಿ ಅಕ್ಷರದ ಹಾಗೆ ಕಂಡರೆ, ಝೋನ್ ಎಷ್ಟೇ ದೊಡ್ಡದಿದ್ದರೂ ಕ್ಲಿಂಡಾಮೈಸಿನ್ ರೆಸಿಸ್ಟೆಂಟ್ ಅಂತಲೇ ಬರೆಯಬೇಕು. ಡಿಸ್ಕ್‌ಗಳನ್ನು ದೂರ ಇಟ್ಟವರಿಗೆ ಇದು ಕಾಣುವುದೇ ಇಲ್ಲ.

ಹಂತ 8: ಇನ್‌ಕ್ಯುಬೇಟರ್

35 ಡಿಗ್ರಿ, ಎರಡು ಡಿಗ್ರಿ ಆಚೀಚೆ. ಪ್ಲೇಟ್ ತಲೆಕೆಳಗು, 16ರಿಂದ 18 ಗಂಟೆ. ಐದಕ್ಕಿಂತ ಹೆಚ್ಚು ಪ್ಲೇಟ್ ಪೇರಿಸಬೇಡಿ, ನಡುವಿನವು ತಡವಾಗಿ ಬಿಸಿಯಾಗುತ್ತವೆ. ಸ್ಟ್ಯಾಫಿಲೋಕಾಕಸ್‌ಗೆ ಸೆಫಾಕ್ಸಿಟಿನ್ ನೋಡುವಾಗ 35 ದಾಟಬಾರದು, ದಾಟಿದರೆ ಎಂ.ಆರ್.ಎಸ್.ಎ. (ಮೆಥಿಸಿಲಿನ್‌ಗೆ ಬಗ್ಗದ ಸ್ಟ್ಯಾಫಿಲೋಕಾಕಸ್ ಆರಿಯಸ್) ತಪ್ಪಿಸಿಕೊಳ್ಳಬಹುದು.

ಮುಂದಿನ ಬಾಗಿಲ ಮೇಲೆ ಕೆಂಪು ಅಂಕಿಯಲ್ಲಿ ಕಾಣುವ ಉಷ್ಣತೆಯನ್ನು ಮಾತ್ರ ನಂಬಬೇಡಿ. ಒಳಗೆ ಒಂದು ಥರ್ಮಾಮೀಟರ್ ಇಟ್ಟು ಬೆಳಿಗ್ಗೆ ಸಂಜೆ ಬರೆಯಿರಿ. ಯು.ಪಿ.ಎಸ್. ಇಲ್ಲದ ಕಡೆ ಕರೆಂಟ್ ಹೋಗಿ ಎರಡು ಮೂರು ಗಂಟೆ ಕಳೆದಿದ್ದರೆ ಆ ಬ್ಯಾಚ್‌ನ ಕಂಟ್ರೋಲ್ ಪ್ಲೇಟ್ ಏನು ಹೇಳುತ್ತದೆ ನೋಡಿ. ಅದು ಸರಿಯಿಲ್ಲದಿದ್ದರೆ ಮತ್ತೆ ಮಾಡಿ. ಇನ್ನೂ ಎರಡು ಗಂಟೆ ಜಾಸ್ತಿ ಇಟ್ಟರೆ ಸರಿಹೋಗುತ್ತದೆ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಹಂತ 9: ಅಳೆಯುವುದು

ಸ್ಕೇಲ್ ಎತ್ತುವ ಮುಂಚೆ ಲಾನ್ ನೋಡಿ. ಎಲ್ಲ ಕಡೆ ಸಮನಾಗಿ ಹರಡಿರಬೇಕು. ಬಿಡಿ ಬಿಡಿ ಕಾಲೊನಿ ಎಣಿಸುವಂತಿದ್ದರೆ ನಿಮ್ಮ ಮಬ್ಬು ತೆಳುವಾಗಿತ್ತು, ಆ ಪ್ಲೇಟ್ ಅಳೆಯಬೇಡಿ. ನಂತರ ಕಂಟ್ರೋಲ್ ಪ್ಲೇಟ್ ಅಳೆಯಿರಿ. ಇ. ಕೋಲಿ 25922ಕ್ಕೆ ಜೆಂಟಾಮೈಸಿನ್ 10 ಮೈಕ್ರೋಗ್ರಾಂ 19ರಿಂದ 26, ಸೆಫ್ಟ್ರಿಯಾಕ್ಸೋನ್ 30 ಮೈಕ್ರೋಗ್ರಾಂ 29ರಿಂದ 35 ಬರಬೇಕು. ಸ್ಟ್ಯಾಫಿಲೋಕಾಕಸ್ 25923ಕ್ಕೆ ಸೆಫಾಕ್ಸಿಟಿನ್ 30 ಮೈಕ್ರೋಗ್ರಾಂ 23ರಿಂದ 29. ಇದು ಸರಿಯಿದ್ದರೆ ಮಾತ್ರ ಉಳಿದವನ್ನು ಮುಟ್ಟಿ.

ಪ್ಲೇಟನ್ನು ಕಪ್ಪು ಹಿನ್ನೆಲೆಯ ಮೇಲೆ ಬೋರಲು ಹಿಡಿದು, ಬೆಳಕು ಮೇಲಿಂದ ಬೀಳುವಂತೆ ಮಾಡಿ, ಹಿಂಭಾಗದಿಂದ ಅಳೆಯಿರಿ. ಡಿಸ್ಕ್‌ನ 6 ಮಿ.ಮೀ. ಕೂಡ ಅಳತೆಯೊಳಗೇ ಬರುತ್ತದೆ. ಝೋನ್ ಇಲ್ಲವೇ ಇಲ್ಲ ಅಂದರೆ 6 ಅಂತ ಬರೆಯಬೇಕು, ಸೊನ್ನೆ ಅಲ್ಲ.

ಪ್ರೋಟಿಯಸ್ ತೆಳು ಪರದೆಯಂತೆ ಝೋನ್ ಒಳಗೆ ಹರಡುತ್ತದೆ, ಅದನ್ನು ಬಿಟ್ಟು ಸ್ಪಷ್ಟ ಅಂಚು ಹಿಡಿಯಿರಿ. ಕೋಟ್ರೈಮಾಕ್ಸಜೋಲ್‌ನಲ್ಲಿ ಅಂಚು ಮಸುಕು, ಶೇಕಡಾ 80ರಷ್ಟು ಬೆಳವಣಿಗೆ ನಿಂತ ಕಡೆ ಗೆರೆ. ಝೋನ್ ಒಳಗೆ ಒಂದೆರಡು ಬಿಡಿ ಕಾಲೊನಿ ಗಟ್ಟಿಯಾಗಿ ಕೂತಿದ್ದರೆ ಕಣ್ಣು ಮುಚ್ಚಿಕೊಳ್ಳಬೇಡಿ. ಕಲ್ಚರ್ ಬೆರಕೆ ಆಗಿರಬಹುದು, ಇಲ್ಲವೇ ಅವು ನಿಜವಾಗಿಯೂ ರೆಸಿಸ್ಟೆಂಟ್ ಇರಬಹುದು. ಎತ್ತಿ, ಶುದ್ಧ ಮಾಡಿ, ಮತ್ತೆ ಟೆಸ್ಟ್ ಹಾಕಿ.

ಹಂತ 10: ಚಾರ್ಟ್ ನೋಡುವುದು

ಚಾರ್ಟ್‌ನ ವರ್ಷ ನೋಡಿ. ಗೋಡೆಗೆ ಅಂಟಿಸಿದ ಹತ್ತು ವರ್ಷ ಹಳೆಯ ಚಾರ್ಟ್ ಇನ್ನೂ ಎಷ್ಟೋ ಕಡೆ ನಡೆಯುತ್ತಿದೆ. ಲ್ಯಾಬ್ ಮಾನದಂಡ ರೂಪಿಸುವ ಅಮೆರಿಕದ ಸಂಸ್ಥೆ ಸಿ.ಎಲ್.ಎಸ್.ಐ. ಪ್ರತಿ ವರ್ಷ ಇದನ್ನು ಪರಿಷ್ಕರಿಸುತ್ತದೆ. ಇ. ಕೋಲಿಗೆ ಸಿಪ್ರೋಫ್ಲಾಕ್ಸಾಸಿನ್ ಝೋನ್ ಮೊದಲು 21 ಇದ್ದರೆ ಸೆನ್ಸಿಟಿವ್. 2019ರಿಂದ 26 ಬೇಕು, 21 ಬಂದರೆ ರೆಸಿಸ್ಟೆಂಟ್. ಅದೇ ಪ್ಲೇಟ್, ಅದೇ 21, ಆದರೆ ರಿಪೋರ್ಟ್ ಪೂರ್ತಿ ಉಲ್ಟಾ. ಜೆಂಟಾಮೈಸಿನ್‌ಗೆ 15 ಇದ್ದದ್ದು 2023ರಲ್ಲಿ 18 ಆಯಿತು. ಯುರೋಪಿನ ಯೂಕ್ಯಾಸ್ಟ್ ಚಾರ್ಟ್ ಬೇರೆಯೇ, ಕೆಲವು ಡಿಸ್ಕ್‌ಗಳ ಪ್ರಮಾಣವೂ ಬೇರೆ. ಎರಡನ್ನೂ ಬೆರೆಸಬೇಡಿ.

ಪ್ರಾಜೆಕ್ಟ್ ರಿಪೋರ್ಟ್‌ಗಳಲ್ಲಿ ನನಗೆ ಅತಿ ಹೆಚ್ಚು ಬೇಜಾರು ತರುವ ತಪ್ಪು ಒಂದಿದೆ. ಬೇರೆ ಬೇರೆ ಔಷಧಿಗಳ ಝೋನ್‌ಗಳನ್ನು ಪಕ್ಕಪಕ್ಕ ಬಾರ್ ಗ್ರಾಫ್ ಮಾಡಿ, "ಇದರ ಝೋನ್ ದೊಡ್ಡದು, ಆದ್ದರಿಂದ ಇದೇ ಒಳ್ಳೆಯ ಔಷಧಿ" ಅಂತ ಬರೆಯುವುದು. ಒಂದೊಂದು ಔಷಧಿ ಅಗಾರ್‌ನಲ್ಲಿ ಒಂದೊಂದು ವೇಗದಲ್ಲಿ ಹರಡುತ್ತದೆ, ಡಿಸ್ಕ್‌ನಲ್ಲಿರುವ ಪ್ರಮಾಣವೂ ಬೇರೆ. ಜೆಂಟಾಮೈಸಿನ್‌ನ 19 ಸೆನ್ಸಿಟಿವ್, ಸೆಫ್ಟ್ರಿಯಾಕ್ಸೋನ್‌ನ 19 ರೆಸಿಸ್ಟೆಂಟ್. ಹೋಲಿಸಬೇಕಾದ್ದು ಅದೇ ಔಷಧಿಯ ಚಾರ್ಟ್ ಜೊತೆ ಮಾತ್ರ. ಅಮೃತಬಳ್ಳಿ, ಉಪ್ಪಾಗೆ ಸಾರವನ್ನು ಡಿಸ್ಕ್‌ಗೆ ಹಾಕಿ ನೋಡುವವರಿಗೂ ಇದೇ ಮಾತು. ಅದಕ್ಕೆ ಚಾರ್ಟೇ ಇಲ್ಲ, ಸೆನ್ಸಿಟಿವ್ ಅನ್ನುವ ಪದ ಬಳಸಬೇಡಿ, ಬರೀ ದ್ರಾವಕ ಹಾಕಿದ ಒಂದು ಡಿಸ್ಕ್ ಪಕ್ಕದಲ್ಲಿ ಇರಲೇಬೇಕು.

ಇನ್ನು ಕೆಲವಕ್ಕೆ ಡಿಸ್ಕ್ ಟೆಸ್ಟೇ ಸಲ್ಲದು. ಸ್ಟ್ಯಾಫಿಲೋಕಾಕಸ್ ಮೇಲೆ ವ್ಯಾಂಕೋಮೈಸಿನ್ ಮತ್ತು ಗ್ರಾಂ ನೆಗೆಟಿವ್‌ಗಳ ಮೇಲೆ ಕೊಲಿಸ್ಟಿನ್ ಹೀಗೆ. ಈ ಎರಡೂ ದೊಡ್ಡ ಅಣುಗಳು, ಅಗಾರ್‌ನಲ್ಲಿ ಸರಿಯಾಗಿ ಹರಡುವುದಿಲ್ಲ. ಇವಕ್ಕೆ ಎಂ.ಐ.ಸಿ. ಬೇಕು, ಅಂದರೆ ಬೆಳವಣಿಗೆ ತಡೆಯಲು ಬೇಕಾದ ಕನಿಷ್ಠ ಔಷಧಿ ಪ್ರಮಾಣವನ್ನೇ ಅಳೆಯುವ ಪರೀಕ್ಷೆ. ಸೌಲಭ್ಯ ಇಲ್ಲದಿದ್ದರೆ ಇರುವ ಲ್ಯಾಬ್‌ಗೆ ಕಳಿಸಿ.

ಕಂಟ್ರೋಲ್ ಪ್ಲೇಟ್ ತಪ್ಪಿದರೆ ಎಲ್ಲಿ ಹುಡುಕಬೇಕು

ಎಲ್ಲ ಝೋನ್‌ಗಳೂ ಒಟ್ಟಿಗೆ ದೊಡ್ಡದಾಗಿದ್ದರೆ ಅಗಾರ್ ತೆಳು, ಮಬ್ಬು ಕಡಿಮೆ, ಅಥವಾ ಡಿಸ್ಕ್ ಇಟ್ಟ ಮೇಲೆ ಪ್ಲೇಟ್ ಹೊರಗೇ ಕೂತು ಬ್ಯಾಕ್ಟೀರಿಯಾಕ್ಕಿಂತ ಮೊದಲೇ ಔಷಧಿ ಹರಡಿದೆ. ಎಲ್ಲವೂ ಸಣ್ಣದಾಗಿದ್ದರೆ ಅಗಾರ್ ದಪ್ಪ, ಮಬ್ಬು ಜಾಸ್ತಿ, ಅಥವಾ ಲಾನ್ ಹಚ್ಚಿ ಡಿಸ್ಕ್ ಇಡಲು ತಡ ಮಾಡಿದ್ದೀರಿ.

ಬೀಟಾ-ಲ್ಯಾಕ್ಟಮ್‌ಗಳು ಮಾತ್ರ ಸಣ್ಣ, ಉಳಿದವು ಸರಿ ಅಂದರೆ ಡಿಸ್ಕ್‌ಗೆ ತೇವ ತಾಗಿದೆ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೊದಲು ಇಲ್ಲೇ ನೋಡಿ. ಜೆಂಟಾಮೈಸಿನ್, ಎರಿತ್ರೋಮೈಸಿನ್ ಸಣ್ಣ, ಟೆಟ್ರಾಸೈಕ್ಲಿನ್ ದೊಡ್ಡ ಅಂದರೆ ಪಿ.ಎಚ್. ಆಮ್ಲದ ಕಡೆ ವಾಲಿದೆ. ಸ್ಯುಡೋಮೋನಾಸ್‌ಗೆ ಮಾತ್ರ ಜೆಂಟಾಮೈಸಿನ್ ಸಣ್ಣದಾದರೆ ನೀರನ್ನು ಅನುಮಾನಿಸಿ. ಕೋಟ್ರೈಮಾಕ್ಸಜೋಲ್ ಝೋನ್ ಒಳಗೆ ಪೂರ್ತಿ ಮಸುಕು ಬೆಳವಣಿಗೆ ಇದ್ದರೆ ಪುಡಿಯಲ್ಲಿ ಥೈಮಿಡಿನ್ ಜಾಸ್ತಿ ಇದೆ, ಬೇರೆ ಲಾಟ್ ತರಿಸಿ. ಒಂದೇ ಒಂದು ಡಿಸ್ಕ್ ತಪ್ಪಿದ್ದರೆ ಅದರ ಮೇಲಿನ ಅಕ್ಷರ ಮತ್ತು ಸಂಖ್ಯೆ ಓದಿ. ಅವಸರದಲ್ಲಿ ಬೇರೆ ಡಿಸ್ಕ್ ಎತ್ತಿರುವುದು ಅಪರೂಪವಲ್ಲ.

ಒಂದು ಸಲಕ್ಕೆ ಒಂದೇ ವಿಷಯ ಬದಲಿಸಿ. ಅಗಾರ್, ಡಿಸ್ಕ್, ಟ್ಯೂಬ್ ಮೂರನ್ನೂ ಒಟ್ಟಿಗೆ ಹೊಸದು ಮಾಡಿದರೆ ಸರಿಹೋಗಬಹುದು, ಆದರೆ ಯಾವುದು ಕೆಟ್ಟಿತ್ತು ಅಂತ ತಿಳಿಯುವುದಿಲ್ಲ, ಮುಂದಿನ ತಿಂಗಳು ಮತ್ತೆ ಅದೇ ಕಥೆ.

ಹಂತ 11: ಬರೆದಿಡುವುದು, ಬಿಸಾಡುವುದು

ಪುಸ್ತಕದಲ್ಲಿ ಮಿ.ಮೀ. ಬರೆಯಿರಿ, ಬರೀ ಸೆನ್ಸಿಟಿವ್, ರೆಸಿಸ್ಟೆಂಟ್ ಅಂತಲ್ಲ. ಚಾರ್ಟ್ ಬದಲಾದಾಗ ಹಳೆಯ ಅಳತೆಗಳನ್ನು ಹೊಸದಾಗಿ ಲೆಕ್ಕ ಹಾಕಲು ಇದೊಂದೇ ದಾರಿ. ಜೊತೆಗೆ ಅಗಾರ್ ಲಾಟ್, ಡಿಸ್ಕ್ ಲಾಟ್, ಡಿಸ್ಕ್ ಅವಧಿ ಮುಗಿಯುವ ದಿನ, ಇನ್‌ಕ್ಯುಬೇಟರ್ ಉಷ್ಣತೆ, ಕಂಟ್ರೋಲ್ ಅಳತೆ.

ಮುಗಿದ ಪ್ಲೇಟ್, ಸ್ವಾಬ್, ಟ್ಯೂಬ್ ಯಾವುದನ್ನೂ ಹಾಗೇ ಕಸಕ್ಕೆ ಹಾಕಬೇಡಿ, ಸಿಂಕ್‌ಗೆ ಸುರಿಯಬೇಡಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಲ್ಯಾಬ್ ಕಲ್ಚರ್‌ಗಳನ್ನು ಅಲ್ಲೇ ನಿರ್ಜೀವ ಮಾಡಿಯೇ ಹೊರಗೆ ಕಳಿಸಬೇಕು. ತುಂಬಿದ ಚೀಲದ ನಡುವಿಗೂ ಉಗಿ ತಲುಪಬೇಕಲ್ಲ, ಹಾಗಾಗಿ ಚೀಲದ ಬಾಯಿ ಸಡಿಲ ಬಿಟ್ಟು, ಮೀಡಿಯಾಗೆ ಇಡುವ 15 ನಿಮಿಷಕ್ಕಿಂತ ಜಾಸ್ತಿ ಹೊತ್ತು ಆಟೋಕ್ಲೇವ್ ಮಾಡಿ. ಕಂಟ್ರೋಲ್ ಸ್ಟ್ರೈನ್‌ನ ಪ್ಲೇಟನ್ನು ಮಾತ್ರ ಅಳತೆ ಪುಸ್ತಕಕ್ಕೆ ಏರುವವರೆಗೆ ಚೀಲಕ್ಕೆ ಹಾಕಬೇಡಿ.